ಸಂಪಾದಕರ ಉತ್ತರ: ಆಟಕ್ಕೆ ಕರೆದು ಸುವಾರ್ತೆ ಹೇಳಬಹುದಾ?

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಭೆಯ ಯೌವನಸ್ಥರು ಪ್ರತಿ ಶುಕ್ರವಾರ ಕಾಲೇಜು ವಿದ್ಯಾರ್ಥಿಗಳನ್ನು ಕರೆದು ವಿಡಿಯೋ ಗೇಮ್ ಆಡಿಸುತ್ತಾರೆ. ಕೊನೆಗೆ ಹತ್ತು ನಿಮಿಷ ಬೈಬಲ್ ಮಾತು. "ಇದು ಗಾಳ ಹಾಕಿದ ಹಾಗಲ್ವಾ? ಪೌಲ ಹೀಗೆ ಮಾಡಿದ್ದನಾ?" ಎಂದು ಕೇಳಿದ್ದೀರಿ.

ಅಪೊಸ್ತಲ ಪೌಲನ ವಿಷಯ ಮೊದಲು. ಗ್ರೀಸಿನ ಅಥೇನೆ ಪಟ್ಟಣದಲ್ಲಿ ಅವನು ಯೆಹೂದ್ಯರ ಸಭಾಮಂದಿರದಲ್ಲಷ್ಟೇ ಮಾತಾಡಲಿಲ್ಲ. ದಿನವೂ ಪೇಟೆಗೆ ಹೋಗಿ ಅಲ್ಲಿ ಸಿಕ್ಕವರ ಜೊತೆ ಮಾತಾಡಿದ ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಹೇಳುತ್ತದೆ. ಇಂದು ಬಹಳಷ್ಟು ವಿದ್ಯಾರ್ಥಿಗಳು ಸಿಗುವ ಪೇಟೆ ಗೇಮ್‌ಗಳೇ. ಸುವಾರ್ತೆಗೂ ಆಟಕ್ಕೂ ನಂಟು ಹೊಸದೇನಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ತರಬೇತಿ ಶಾಲೆಯಲ್ಲಿ, ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದರು. ಅವರು ದೇವಶಾಸ್ತ್ರ ಓದಿದವರು. ನಾಲ್ಕು ವರ್ಷದ ನಂತರ ವಾಲಿಬಾಲ್ ಹುಟ್ಟಿದ್ದೂ ವೈಎಂಸಿಎಯಲ್ಲೇ.

ಆದರೆ ಗಾಳದ ಮಾತು ಬೇರೆ. ಅಲ್ಲಿ ನಿಮ್ಮ ಆತಂಕ ನನಗೂ ಇದೆ. ಪೋಸ್ಟರ್‌ನಲ್ಲಿ ಬರೀ "ಟೂರ್ನಮೆಂಟ್" ಅಂತ ಬರೆದು, ಬಂದು ಕೂತ ಮೇಲೆ ಬೈಬಲ್ ತೆಗೆದರೆ ಅದು ಮೋಸ. ಗುಟ್ಟಿನ ದಾರಿ, ಕುತಂತ್ರ ನಮಗೆ ಬೇಡ ಎಂದು ಪೌಲನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳಿದ್ದಾನೆ. ಕರೆಯುವವರು ಯಾರು, ಕೊನೆಗೆ ಏನಿರುತ್ತದೆ ಅನ್ನುವುದು ಪೋಸ್ಟರ್‌ನಲ್ಲೇ ಇರಲಿ. ಬೈಬಲ್ ಮಾತು ಬೇಡ ಅಂದವನು ಆಟ ಆಡಿ ಹೋಗಲಿ. ಮುಂದಿನ ವಾರವೂ ಅವನನ್ನು ಅಷ್ಟೇ ಪ್ರೀತಿಯಿಂದ ಕರೆಯಿರಿ.

ಇಂಥ ಒಂದು ಕೂಟದಲ್ಲಿ ನಾನೂ ಕೂತಿದ್ದೆ. ಸೂಪರ್ ಸ್ಮ್ಯಾಶ್ ಬ್ರದರ್ಸ್ ಅನ್ನುವ ಹೊಡೆದಾಟದ ವಿಡಿಯೋ ಗೇಮ್ ಆಡುತ್ತಿದ್ದರು. 2018ರಲ್ಲಿ ಬಂದ ಆವೃತ್ತಿಯಲ್ಲಿ ಒಂದೇ ಪರದೆಯ ಮುಂದೆ ಎಂಟು ಜನ ಆಡಬಹುದು. ನನಗೆ ಯಾವ ಬಟನ್ ಏನು ಮಾಡುತ್ತದೆಂದೇ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಬಾಯೇ ಬಿಡದಿದ್ದ ಹುಡುಗನೊಬ್ಬ ಪಕ್ಕಕ್ಕೆ ಬಂದು, "ಅಂಕಲ್, ಇದು ಒತ್ತಿ" ಅಂತ ಶುರು ಮಾಡಿದ. ಅರ್ಧ ಗಂಟೆ ಕಲಿಸಿದ. ನಾವಿಬ್ಬರೂ ಸೋತು ಸರದಿ ಕಾಯುವಾಗ ತನ್ನ ಮನೆಯ ಕಷ್ಟ ಹೇಳಿಕೊಂಡ. ಬಾವಿಯ ಬಳಿ ಸಮಾರ್ಯದ ಹೆಂಗಸಿನ ಹತ್ತಿರ ಯೇಸು ಮೊದಲು ಕೇಳಿದ್ದು ಕುಡಿಯಲು ನೀರು, ನೆನಪಿದೆಯಲ್ವಾ? ಅವಳ ಕೈಯಲ್ಲಿ ಕೊಡುವಂಥದ್ದು ಇತ್ತು. ಈ ಮಕ್ಕಳ ಕೈಯಲ್ಲೂ ಇದೆ. ನಾವು ಹೇಳುವುದಕ್ಕೇ ಹೋಗುತ್ತೇವೆ, ಕೇಳಿ ಕಲಿಯುವುದು ಕಡಿಮೆ. ಹೆಡ್‌ಸೆಟ್ ಹಾಕಿಕೊಂಡು ಒಬ್ಬೊಬ್ಬರೇ ಕೂರುವ ಆಟಕ್ಕಿಂತ ಹೀಗೆ ಪಕ್ಕ ಪಕ್ಕ ಕೂತು ಆಡುವ ಆಟವೇ ನನಗೆ ಜಾಸ್ತಿ ಇಷ್ಟ ಆಗಲು ಕಾರಣ ಆ ಹುಡುಗ.

ಒಂದು ಎಚ್ಚರಿಕೆ ಮಾತ್ರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಕೂಡ ಸೇರಿದೆ. ಆಟ ಕೈಮೀರಿ, ಓದು ಮತ್ತು ದಿನದ ಕೆಲಸ ಹಿಂದೆ ಬಿದ್ದು, ಸಾಮಾನ್ಯವಾಗಿ 12 ತಿಂಗಳು ಹಾಗೇ ಮುಂದುವರಿದರೆ ಅದು ಕಾಯಿಲೆ. ಅಂಥ ಮಗು ಕೂಟದಲ್ಲಿದ್ದರೆ ಪ್ರಾರ್ಥಿಸಿ, ಜೊತೆಗೆ ಆಪ್ತಸಮಾಲೋಚಕರ ಬಳಿಗೂ ಕರೆದುಕೊಂಡು ಹೋಗಿ. ಹೇಳಿದ ಹೊತ್ತಿಗೆ ಆಟ ನಿಲ್ಲಿಸಿ.

ನಿಮ್ಮ ಪತ್ರ ಓದಿದರೆ ನೀವು ಇನ್ನೂ ಆ ಕೋಣೆಯೊಳಗೆ ಹೋದ ಹಾಗಿಲ್ಲ. ಮುಂದಿನ ಶುಕ್ರವಾರ ಹೋಗಿ, ಯಾರಾದರೊಬ್ಬರ ಪಕ್ಕ ಕೂತು "ನನಗೂ ಕಲಿಸಪ್ಪ" ಅನ್ನಿ. ಆಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ