ಬಸವನಗುಡಿ ಸುತ್ತ ವಸಂತದಲ್ಲಿ ದುಡ್ಡಿಲ್ಲದೆ ನೋಡಬಹುದಾದದ್ದು

ನಮಸ್ಕಾರ. ಹೊಸದಾಗಿ ಬಸವನಗುಡಿಗೆ ಬಂದಿದ್ದೀರಿ, ಮಾರ್ಚ್-ಏಪ್ರಿಲ್‌ನಲ್ಲಿ ಮಕ್ಕಳ ಜೊತೆ ಟಿಕೆಟ್ ಇಲ್ಲದೆ ಎಲ್ಲಿಗೆ ಹೋಗಬಹುದು ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ.

ಮೊದಲು ರಾಮನವಮಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ದೊಡ್ಡ ಸಂಗೀತ ಕಚೇರಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುತ್ತದೆ, ಆದರೆ ಬಡಾವಣೆಯ ದೇವಸ್ಥಾನಗಳಲ್ಲಿ, ಬೀದಿಯ ಚಪ್ಪರಗಳಲ್ಲಿ ನಡೆಯುವ ಸಂಗೀತ ಯಾರು ಬೇಕಾದರೂ ಕೂತು ಕೇಳಬಹುದು, ಜೊತೆಗೆ ಪಾನಕ, ಕೋಸಂಬರಿ, ನೀರು ಮಜ್ಜಿಗೆ. ನನಗೆ ಆ ಚಪ್ಪರಗಳೇ ಜಾಸ್ತಿ ಇಷ್ಟ. ಮಕ್ಕಳು ಎದ್ದು ಓಡಾಡಿದರೂ ಯಾರೂ ಮುಖ ಸಿಂಡರಿಸುವುದಿಲ್ಲ.

ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ, 1945ರಲ್ಲಿ ಶುರುವಾದದ್ದು. ಉಪನ್ಯಾಸ, ಸಂಗೀತ, ನೃತ್ಯ ನಡೆಯುತ್ತಲೇ ಇರುತ್ತವೆ. ಹೊರಗಿನ ಬೋರ್ಡ್ ನೋಡಿಕೊಂಡು ಬನ್ನಿ.

ಬೆಳಿಗ್ಗೆ ಬ್ಯೂಗಲ್ ರಾಕ್‌ಗೆ ಸುಮ್ನೆ ನಡೆದು ಹೋಗಿ. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಮಕ್ಕಳಿಗೆ ಹೇಳಿ, ಕಣ್ಣರಳಿಸುತ್ತಾರೆ. ಯುಗಾದಿ ಹೊತ್ತಿಗೆ ಹೊಂಗೆ ಮರದ ಕೆಳಗೆ ಹೂವಿನ ಹಾಸು ಬೇರೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಮಾತ್ರ ಈಗ ಕಾಯಬೇಡಿ, ಅದು ಜನವರಿ ಮತ್ತು ಆಗಸ್ಟ್‌ನಲ್ಲಿ.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ, ಅಂದರೆ ಹೂವಿನಿಂದ ಸಿಂಗರಿಸಿದ ಕಳಶ ಹೊತ್ತ ಮೆರವಣಿಗೆ, ಹೊರಡುತ್ತದೆ. ಕತ್ತಿ ಹಿಡಿದ ವೀರಕುಮಾರರು, ಮಲ್ಲಿಗೆ ಘಮ, ದಾರಿಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೂ ಭೇಟಿ. ಹೊರಡುವುದು ತುಂಬಾ ತಡವಾಗಿ, ಜನಸಂದಣಿಯೂ ವಿಪರೀತ. ಮಕ್ಕಳು ಚಿಕ್ಕವರಾದರೆ ಮಧ್ಯಾಹ್ನವೇ ಮಲಗಿಸಿ ಕರೆದುಕೊಂಡು ಹೋಗಿ, ಕೈ ಮಾತ್ರ ಬಿಡಬೇಡಿ.