ಒಂದು ತಿಂಗಳು, ಅರ್ಧ ಪುಸ್ತಕ

ಪ್ರಶ್ನೆ: ನಾನು ಮಂಡ್ಯದವಳು. ಕೆಲಸ ಮೈಸೂರಲ್ಲಿ, ದಿನಾ ರೈಲಲ್ಲಿ ಓಡಾಟ. ತಿಂಗಳಿಗೆ ನಾಲ್ಕು ಪುಸ್ತಕ ಓದಲೇಬೇಕು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೆ. ಹೋದ ತಿಂಗಳು ‘ಮಲೆಗಳಲ್ಲಿ ಮದುಮಗಳು’ ಹಿಡಿದೆ. ಅರ್ಧಕ್ಕೇ ನಿಂತಿದ್ದೇನೆ, ಯಾವ ಮನೆಯವರು ಯಾರು ಅನ್ನೋದೇ ಮರೆತುಹೋಗುತ್ತೆ. ತಿಂಗಳು ದಂಡವಾಯ್ತಾ ಸಾರ್?
– ಓದುಗರು, ಮಂಡ್ಯ

ಉತ್ತರ: ದಂಡ ಯಾಕಮ್ಮ ಆಗುತ್ತೆ? 1967ರಲ್ಲಿ ಬಂದ ಆ ಕಾದಂಬರಿಯನ್ನು ನಾನು ಎರಡು ಸಲ ಅರ್ಧಕ್ಕೆ ಬಿಟ್ಟು ಮೂರನೇ ಸಲ ಮುಗಿಸಿದವನು. ಇಲ್ಲಿ ಅವಸರ ಕೂಡ ನಿಧಾನದ ಬೆನ್ನೇರಿಯೇ ಬರುತ್ತೆ ಅನ್ನೋ ಅರ್ಥದ ಮಾತನ್ನು ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ, ಅಲ್ವಾ? ಅದನ್ನು ನಂಬಿ.

ನಿಮ್ಮ ಲೆಕ್ಕದಲ್ಲೇ ತೊಂದರೆ ಇದೆ. ಹೋದ ತಿಂಗಳು ನಾನು ‘ಮೈಸೂರು ಮಲ್ಲಿಗೆ’ ಮತ್ತೆ ತೆಗೆದೆ. 1942ರ ಪುಸ್ತಕ, ಬರೆದ ಕೆ.ಎಸ್. ನರಸಿಂಹಸ್ವಾಮಿ ನಿಮ್ಮ ಜಿಲ್ಲೆಯ ಕಿಕ್ಕೇರಿಯವರೇ. ಒಂದು ಸಂಜೆಗೆ ಮುಗಿಯುವಷ್ಟು ತೆಳು. ಆದರೆ ಜಗಲಿಯಲ್ಲಿ ಕೂತು ಒಂದು ಪದ್ಯವನ್ನು ಜೋರಾಗಿ ಓದುತ್ತಿದ್ದಾಗ ನಾನೊಂದು ಪದ ತಪ್ಪಿದೆ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ತಿದ್ದಿ ಮುಂದಿನ ನಾಲ್ಕು ಸಾಲನ್ನೂ ಹೇಳಿಬಿಟ್ಟಳು. ಮದುವೆಯಾಗಿ ಇಷ್ಟು ವರ್ಷ ಆದರೂ ಅವಳಿಗೆ ಅದು ಬಾಯಿಪಾಠ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ತಿಂಗಳು ಪೂರ್ತಿ ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಪದ್ಯ ಓದಿದೆವು. ಡೈರಿಯಲ್ಲಿ ಇದೂ ಒಂದೇ ಪುಸ್ತಕ, ನಿಮ್ಮ ಏಳುನೂರು ಪುಟದ ಕಾದಂಬರಿಯೂ ಒಂದೇ!

ಹಾಗಾಗಿ ಎಣಿಸೋದು ಬಿಡಿ. ತಿಂಗಳ ಕೊನೆಗೆ ಸುಮ್ನೆ ಎರಡು ಮಾತು ಬರೆಯಿರಿ: ಎಲ್ಲಿಗೆ ನಿಲ್ಲಿಸಿದೆ, ಏನು ಮನಸ್ಸಲ್ಲಿ ಉಳೀತು. ಬಿಟ್ಟ ಪುಸ್ತಕವನ್ನೂ ಬರೆಯಿರಿ, ಯಾಕೆ ಬಿಟ್ಟೆ ಅಂತಲೂ ಬರೆಯಿರಿ. ನಾನು ಹೋದ ತಿಂಗಳು ಒಂದನ್ನು ನಲವತ್ತನೇ ಪುಟಕ್ಕೆ ಬಿಟ್ಟೆ, ಕಾರಣ ಬರೆಯುವಾಗಲೇ ತಪ್ಪು ಪುಸ್ತಕದ್ದಲ್ಲ, ನಿದ್ದೆಗಣ್ಣಲ್ಲಿ ಓದಿದ ನನ್ನದು ಅಂತ ಗೊತ್ತಾಯ್ತು. ಅದನ್ನು ಈ ತಿಂಗಳು ಬೆಳಗ್ಗೆ ಹೊತ್ತು ಓದುತ್ತಿದ್ದೇನೆ.

ಹೆಸರು ಮರೆಯೋದಕ್ಕೆ ಒಂದು ಉಪಾಯ. ಒಂದು ಹಾಳೆಯಲ್ಲಿ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಬರೆದು ಕೆಳಗೆ ಆಯಾ ಮನೆಯ ಜನರನ್ನು ಸೇರಿಸುತ್ತಾ ಹೋಗಿ. ಹಾಳೆ ಪುಸ್ತಕದೊಳಗೇ ಇರಲಿ, ರೈಲಲ್ಲಿ ಗುರುತಿಗೂ ಆಗುತ್ತೆ. ಗುತ್ತಿಯ ನಾಯಿ ಹುಲಿಯನನ್ನೂ ಆ ಹಾಳೆಗೆ ಸೇರಿಸಿ, ಅವನ ಮೇಲೆ ಕೊನೆಯವರೆಗೂ ಒಂದು ಕಣ್ಣಿಟ್ಟಿರಿ.