ಓದುಗರ ಪ್ರಶ್ನೆ: ‘ಗೋ’ ಎಂದು ನಿಂತರೆ ‘ದಾವರಿ’ಯ ಗತಿ?

ಪ್ರಶ್ನೆ: ಮಳಖೇಡ ನಮಗೆ ದೂರವೇನಲ್ಲ. ನಿವೃತ್ತಿಯಾದ ಮೇಲೆ ‘ಕವಿರಾಜಮಾರ್ಗ’ ತಂದಿಟ್ಟುಕೊಂಡಿದ್ದೇನೆ. ಕಾವೇರಿ–ಗೋದಾವರಿ ಪದ್ಯವನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿ ಕೇಳಿ ಕಿವಿ ತುಂಬಿದೆ. ಪುಸ್ತಕದಲ್ಲಿ ನೋಡಿದರೆ ಸಾಲು ಅರ್ಧ ಪದಕ್ಕೇ ಮುರಿದಿದೆ, ನಿಘಂಟು ಹಿಡಿದು ಕೂತರೂ ನಾಲಿಗೆ ಹೊರಳುವುದಿಲ್ಲ. ಹಳಗನ್ನಡ ಹ್ಯಾಂಗ್ ಓದಬೇಕ್ರೀ?
– ಓದುಗರು, ಸೇಡಂ

ಉತ್ತರ: ನಿಘಂಟು ಬದಿಗಿಡಿ, ಪೆನ್ಸಿಲ್ ತಗೊಳ್ಳಿ. ಮೊದಲು ಉಸಿರು ಸರಿಹೋಗಲಿ, ಅರ್ಥಕ್ಕೆ ಆಮೇಲೆ ಕೈಹಾಕೋಣ. ಪದ್ಯ ಇದು:

ಕಾವೇರಿಯಿಂದಮಾ ಗೋ-
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು-
ಧಾವಳಯ ವಿಲೀನ ವಿಶದ ವಿಷಯ ವಿಶೇಷಂ

ಹ್ರಸ್ವಾಕ್ಷರಕ್ಕೆ 1 ಮಾತ್ರೆ, ಅದು ಲಘು. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ‘ದೊಳ್’ನಂಥ ವ್ಯಂಜನಾಂತಕ್ಕೆ 2, ಅದು ಗುರು. ನಾಲ್ಕು ಮಾತ್ರೆಗೊಂದು ಗೀಟು ಎಳೆಯುತ್ತ ಹೋಗಿ: ಕಾವೇ | ರಿಯಿಂದ | ಮಾ ಗೋ. ಮೂರು ಗಣ, 12 ಮಾತ್ರೆ. ಎರಡನೆಯ ಸಾಲು: ದಾವರಿ | ವರಮಿರ್ | ದ ನಾಡ | ದಾ ಕನ್ | ನಡದೊಳ್. ಐದು ಗಣ, 20 ಮಾತ್ರೆ. ಮೂರನೆಯದು ಮೊದಲಿನಂತೆ, ನಾಲ್ಕನೆಯದು ಎರಡನೆಯದರಂತೆ. ಈ ಛಂದಸ್ಸೇ ಕಂದ.

ಬಹಳಷ್ಟು ಜನ ಎಡವುವುದು ‘ಮಿರ್ದ’ದಲ್ಲಿ. ನಮ್ಮ ಲಿಪಿಯಲ್ಲಿ ಅರ್ಕಾವೊತ್ತು ‘ದ’ ಆದಮೇಲೆ ಬರುತ್ತದೆ, ಹಾಗಾಗಿ ಕಣ್ಣು ಭಾರವನ್ನು ‘ದ’ದ ಮೇಲೆ ಹೇರುತ್ತದೆ. ಉಚ್ಚಾರದಲ್ಲಿ ‘ರ್’ ಮೊದಲು, ಆದ್ದರಿಂದ ಗುರುವಾಗುವುದು ‘ಮಿ’. ಅಲ್ಲಿ ಒಂದು ಮಾತ್ರೆ ತಪ್ಪಿತೋ, ಮುಂದಿನ ಮೂರು ಗಣವೂ ದಾರಿ ಬಿಡುತ್ತವೆ. ನಿಮ್ಮ ಲೆಕ್ಕ ಸರಿಯಿದೆಯೇ ಎಂದು ನೋಡಲು ಆರನೆಯ ಗಣವನ್ನು ಹಿಡಿಯಿರಿ. ಕಂದದ ಪ್ರತಿ ಅರ್ಧದ ಆರನೆಯ ಗಣ ಲಘು-ಗುರು-ಲಘು ಆಗಿರಬೇಕು, ಇಲ್ಲವೇ ನಾಲ್ಕೂ ಲಘು. ಇಲ್ಲಿ ಮೊದಲರ್ಧದಲ್ಲಿ ‘ದ ನಾಡ’, ಎರಡನೆಯದರಲ್ಲಿ ‘ನ ವಿಶದ’. ಎರಡು ಬಗೆಯೂ ಒಂದೇ ಪದ್ಯದಲ್ಲಿ ಸಿಕ್ಕಿವೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪದ್ಯ ಬೇಕಿಲ್ಲ. ಎರಡನೆಯ ಅಕ್ಷರದ ಪ್ರಾಸವನ್ನೂ ನೋಡಿ: ಕಾವೇ, ದಾವ, ಭಾವಿ, ಧಾವ.

ಇನ್ನು ಮುರಿದ ಸಾಲು. ಕಂದದಲ್ಲಿ ಉಸಿರು ತೆಗೆದುಕೊಳ್ಳುವ ಜಾಗ 32 ಮಾತ್ರೆ ಮುಗಿದ ಮೇಲೆ, 12ಕ್ಕಲ್ಲ. ‘ಗೋ’ ಎಂದು ನಿಂತರೆ ‘ದಾವರಿ’ ಅನಾಥವಾಗುತ್ತದೆ, ‘ವಸು’ ಎಂದು ನಿಂತರೆ ‘ಧಾವಳಯ’. ‘ಕನ್ನಡದೊಳ್’ವರೆಗೆ ಒಂದೇ ಓಟ, ಅಲ್ಲಿ ನಿಲ್ಲಿ, ಮತ್ತೆ ಕೊನೆಯವರೆಗೆ. ಇಪ್ಪತ್ತು ಸಲ ಗಟ್ಟಿಯಾಗಿ ಓದಿದ ಮೇಲೆ ಪದ ಬಿಡಿಸಿ: ಕಾವೇರಿಯಿಂದಂ, ಆ ಗೋದಾವರಿವರಂ, ಇರ್ದ ನಾಡು ಅದು, ಆ ಕನ್ನಡದೊಳ್. ‘ವರಂ’ ಎಂದರೆ ದೇವರು ಕೊಡುವ ವರವಲ್ಲ, ‘ವರೆಗೆ’. ಕವಿರಾಜಮಾರ್ಗ ಸುಮಾರು ಕ್ರಿ.ಶ. 850ರದು, ಬರೆದವನು ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದ ಶ್ರೀವಿಜಯ. ಮಳಖೇಡದ ಕಾಗಿಣಾ ನೀರು ಭೀಮೆಗೆ ಸೇರಿ ಕೃಷ್ಣೆಗೆ ಹೋಗುತ್ತದೆ. ಬೀದರಿನ ಮಾಂಜ್ರಾ ನೀರು ಮಾತ್ರ ಗೋದಾವರಿಗೇ ಹೋಗುವುದು. ಪದ್ಯದ ಗಡಿ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಹರಿಯುತ್ತಿದೆ ಅನ್ನಿ.

ಪ್ರಶ್ನೆ: ನಾನು ಓದಿದ್ದು ಇಂಗ್ಲಿಷ್ ಮಾಧ್ಯಮ. ವಚನಗಳ ರುಚಿ ಹತ್ತಿದ್ದು ಎ.ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದದಿಂದ. ಈಗ ಮೂಲ ಓದಿದರೆ ಸಪ್ಪೆ ಅನ್ನಿಸುತ್ತದೆ. ಕೊರತೆ ನನ್ನಲ್ಲೇ ಇದೆಯೇ?
– ವಿದ್ಯಾರ್ಥಿನಿ, ಬಸವಕಲ್ಯಾಣ

ಉತ್ತರ: ಕೊರತೆ ಅಲ್ಲ, ಅಭ್ಯಾಸ. ಅನುವಾದದಲ್ಲಿ ನೀವು ಮೆಚ್ಚಿದ ಸಾಲು ಒಡೆಯುವಿಕೆ ಅನುವಾದಕರದು. ತಾಳೆಗರಿಯಲ್ಲಿ ವಚನಕ್ಕೆ ಸಾಲುಗಳಿಲ್ಲ, ಒಂದೇ ಸಮ ಬರೆದುಕೊಂಡು ಹೋಗಿರುತ್ತಾರೆ. ನೀವೂ ಹಾಗೇ ಮಾಡಿ. ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನು ಸಾಲು ಮುರಿಯದೆ ಕೈಯಾರೆ ಬರೆಯಿರಿ, ಆಮೇಲೆ ಬಾಯಿಬಿಟ್ಟು ಓದುತ್ತ ಉಸಿರು ತಾನಾಗಿ ನಿಂತಲ್ಲಿ ಚುಕ್ಕೆ ಇಡಿ. ‘ಕಾಲೇ ಕಂಬ, ದೇಹವೇ ದೇಗುಲ’ ಎಂಬಲ್ಲಿ ಕಕಾರಕ್ಕೆ ಕಕಾರ, ದೇಕಾರಕ್ಕೆ ದೇಕಾರ. ‘ಶಿರವೇ ಹೊನ್ನ ಕಳಶ’ಕ್ಕೆ ಬಂದಾಗ ಆ ಜೋಡಿ ತಪ್ಪಿ, ಶಕಾರ ಕೊನೆಗೆ ಹೋಗಿ ಕೂರುತ್ತದೆ. ಕಾಲು, ದೇಹ, ಶಿರ: ಗುಡಿ ಕಟ್ಟುವವರೂ ಕೆಳಗಿನಿಂದಲೇ ಮೇಲೆ ಹೋಗುತ್ತಾರೆ. ಇದು ಯಾವ ಅನುವಾದಕ್ಕೂ ಪೂರ್ತಿ ದಕ್ಕುವುದಿಲ್ಲ.

ಒಂದು ಎಚ್ಚರಿಕೆ: ಅಂಕಿತವನ್ನು ಸಹಿ ಹಾಕಿದಂತೆ ಸ್ವರ ಇಳಿಸಿ ಮುಗಿಸಬೇಡಿ. ಈ ವಚನದಲ್ಲಿ ‘ಕೂಡಲಸಂಗಮದೇವಾ, ಕೇಳಯ್ಯಾ’ ಎನ್ನುವುದು ಕರೆ, ಸ್ವರ ಏರಬೇಕು. ‘ಸ್ಥಾವರಕ್ಕಳಿವುಂಟು’ ಬರುವುದು ಅದಾದ ಮೇಲೆಯೇ. ಕ್ಯಾಸೆಟ್ಟಿನ ರಾಗದಲ್ಲಿ ಕಲಿತವರಿಗೆ ಈ ಕರೆ ಕೇಳಿಸುವುದೇ ಇಲ್ಲ, ರಾಗ ಎಲ್ಲವನ್ನೂ ಒಂದೇ ಹದಕ್ಕೆ ತಂದುಬಿಡುತ್ತದೆ.

ಪ್ರಶ್ನೆ: ಮನೆಯ ಹಳೇ ಬಿದರಿ ಹೂದಾನಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬೆಳ್ಳಿ ಹೊಳೆಯಿತು, ಆದರೆ ಕಪ್ಪು ಬೂದಿಯಂತಾಯಿತು. ಬಣ್ಣ ಹೊಡೆಸಬಹುದೇ?
– ಗೃಹಿಣಿ, ಕಲಬುರಗಿ

ಉತ್ತರ: ದಯವಿಟ್ಟು ಬೇಡ. ಆ ಕಪ್ಪು ಬಣ್ಣವಲ್ಲ, ಲೋಹದ ಮೈಯೇ ಹಾಗಾದದ್ದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ದು, ಅರದಿಂದ ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಚಿತ್ರ ಬರೆದು, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಮೆಲ್ಲಗೆ ಬಿಸಿ ಮಾಡಿ, ಬೀದರ್ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಎಂಬ ಲವಣವನ್ನು ನೀರಲ್ಲಿ ಕಲಸಿ ತಿಕ್ಕಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಹುಣಸೆಯ ಹುಳಿ ತಿಂದದ್ದು ಆ ತೆಳು ಪದರವನ್ನು.

ಬೀದರಿನಲ್ಲಿ ಬಿದರಿ ಕೆಲಸ ಮಾಡುವವರ ಕೈಗೆ ಕೊಡಿ, ಮತ್ತೆ ಕಪ್ಪು ಏರಿಸುತ್ತಾರೆ. ಅದಕ್ಕೂ ಮೊದಲು ಉಗುರಿನಿಂದ ಮೆಲ್ಲಗೆ ಸವರಿ ನೋಡಿ: ತಂತಿ ಎಲ್ಲಾದರೂ ಉಗುರಿಗೆ ಸಿಕ್ಕಿಕೊಂಡರೆ ಎದ್ದಿದೆ ಎಂದರ್ಥ, ಆ ಜಾಗ ತೋರಿಸಿಕೊಡಿ. ಮನೆಯಲ್ಲಿ ಒಲೆ ಮೇಲಿಟ್ಟು ಪ್ರಯೋಗ ಮಾಡಬೇಡಿ. ಮುಂದೆ ಒಣ ಹತ್ತಿಬಟ್ಟೆ, ಯಾವಾಗಲೋ ಒಮ್ಮೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ನಿಂಬೆ, ಬೂದಿ, ತಂತಿಯ ಬ್ರಷ್ ಹತ್ತಿರ ತರಬೇಡಿ.

ಪ್ರಶ್ನೆ: ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿ ಬಂದೆವು. ಗೋಡೆಯ ಮೇಲಿನ ಅಕ್ಷರ ಓದಲು ಬರುವುದಿಲ್ಲ. ಓದಲಾರದವರು ನೋಡುವುದೇನು?
– ಓದುಗರು, ಶಹಾಪುರ

ಉತ್ತರ: ಮಧ್ಯಾಹ್ನದ ಮೇಲೆ ಹೋಗಿದ್ದಿರಾ? 1472ರ ಆ ಕಟ್ಟಡದ ಮುಖ ಪೂರ್ವಕ್ಕಿದೆ, ಹೊತ್ತು ತಿರುಗಿದರೆ ಮುಂಭಾಗವೆಲ್ಲ ನೆರಳು. ಬೆಳಗ್ಗೆ ಹೋಗಿ, ಅಳಿದುಳಿದ ಹೆಂಚುಗಳ ಮೇಲಿನ ಅಕ್ಷರಪಟ್ಟಿಯನ್ನು ಬಲದಿಂದ ಎಡಕ್ಕೆ ನೋಡುತ್ತ ಬನ್ನಿ. ನೆಟ್ಟಗೆ ಮೇಲೆದ್ದ ಗೆರೆಗಳನ್ನಷ್ಟೇ ಎಣಿಸಿ. ಅವು ಹೆಚ್ಚಾಗಿ ಅರಬ್ಬಿ ಲಿಪಿಯ ಅಲಿಫ್ ಮತ್ತು ಲಾಮ್ ಅಕ್ಷರಗಳು. ಎಲ್ಲಿ ಒತ್ತೊತ್ತಾಗಿವೆ, ಎಲ್ಲಿ ಬಿಡಿಬಿಡಿಯಾಗಿವೆ ಎಂದು ಎಣಿಸುತ್ತ ಹೋದರೆ, ಮೇಲಿನ ಸೇಡಂ ಓದುಗರು ಪೆನ್ಸಿಲ್ ಹಿಡಿದು ಮಾಡುವ ಕೆಲಸವನ್ನೇ ನೀವು ಕಣ್ಣಲ್ಲಿ ಮಾಡುತ್ತಿರುತ್ತೀರಿ.